ಸಾಂಕ್ರಾಮಿಕ ಕಾಲದ ಪ್ರವೇಶ ನಿಯಮಗಳು

ರೋಗವು ಪ್ರಯಾಣಿಕನ ಸಂಗಡವೇ ಸಂಚರಿಸುತ್ತದೆಂಬುದನ್ನು ಮಾನವನು ಬಹುಹಿಂದೆಯೇ ಅರಿತಿದ್ದನು. ಮೆಡಿಟರೇನಿಯನ್ ವ್ಯಾಪಾರದ ರಗೂಸಾ ಬಂದರು, ಪ್ಲೇಗ್ ಪೀಡಿತ ಪ್ರದೇಶಗಳಿಂದ ಬಂದವರು 30 ದಿನ ಪ್ರತ್ಯೇಕವಾಗಿರಬೇಕೆಂದು 1377ರಲ್ಲಿಯೇ ವಿಧಿಸಿತು.

ಲೋಹಗಾಂವ್ ವಿಮಾನ ನಿಲ್ದಾಣದ ನೆರೆಯ ವಿಮಾನ ನಗರದ ಕನ್ನಡಿಗರಿಗೆ ಇಂತಹ ನಿಯಮಗಳ ಪರಿಚಯವಾದುದು ಕೋವಿಡ್ ಕಾಲದಲ್ಲಿ. 2020ರ ಮೇ 25ರಂದು ದೇಶದೊಳಗಿನ ವಿಮಾನ ಸಂಚಾರ ಪುನರಾರಂಭಗೊಂಡಾಗ, ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಸರ್ಕಾರವು ಸಾಮಾನ್ಯವಾಗಿ 7 ದಿನ ಸಾಂಸ್ಥಿಕ ಹಾಗೂ 7 ದಿನ ಗೃಹ ಕ್ವಾರಂಟೈನ್ ವಿಧಿಸಿತ್ತು. ಆಗಸ್ಟ್‌ನಲ್ಲಿ ಕ್ವಾರಂಟೈನ್ ರದ್ದಾಯಿತು. 2021ರ ಫೆಬ್ರವರಿಯಲ್ಲಿ, 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾಯಿತು.

ಈ ಎರಡು ನಿಯಮಗಳ ಬಲ ಒಂದೇ ಅಲ್ಲ. ಸೋಂಕು ತಗುಲಿದ ಬಳಿಕ ಲಕ್ಷಣಗಳು ತೋರಲು 14 ದಿನಗಳವರೆಗೂ ಹಿಡಿಯಬಹುದು. ಕ್ವಾರಂಟೈನ್ ಆ ಅವಧಿಯನ್ನೆಲ್ಲ ಒಳಗೊಳ್ಳುತ್ತಿತ್ತು. ವರದಿಯಾದರೋ ಪರೀಕ್ಷೆಯ ದಿನದ ಶಿಲ್ಕನ್ನು ಮಾತ್ರ ತೋರಿಸುತ್ತದೆ. ಮರುದಿನದ ಜಮಾ ಅದರಲ್ಲಿ ಕಾಣದು.

ಇಂದು ಆ ನಿಬಂಧನೆಗಳಿಲ್ಲ. ಆದರೆ ಊರಿನಲ್ಲಿ ವೃದ್ಧ ತಂದೆತಾಯಿಗಳಿರುವವರು ಈ ಪಾಠವನ್ನು ಮರೆಯಲಾಗದು. ಜ್ವರ, ಕೆಮ್ಮುಗಳಿದ್ದಾಗ ಪ್ರಯಾಣವನ್ನು ಮುಂದೂಡುವುದು ಲೇಸು. ಹೋಗಲೇಬೇಕಾದಲ್ಲಿ ಮುಖಗವಸು ಧರಿಸಿ, ಗುಣವಾಗುವವರೆಗೆ ಹಿರಿಯರಿಂದ ಪ್ರತ್ಯೇಕವಾಗಿ ಮಲಗುವುದು ಕ್ಷೇಮಕರ. ಯಾವ ಅಧಿಕಾರಿಯೂ ಕೇಳದಿದ್ದರೂ ಪಾಲಿಸತಕ್ಕ ನಿಯಮವಿದು.