ಗೊರಸಿನ ಆಕಾರ ಮತ್ತು ನಡೆಯ ಭಾರ

ಚಿತ್ರದುರ್ಗದ ಕೋಟೆಯನ್ನು ಹತ್ತುವವರು ನುಣುಪಾದ ಬಂಡೆಯ ಮೇಲೆ ಕಾಲಿಡುವಾಗ ತಮಗರಿವಿಲ್ಲದೆಯೇ ಮೈಯನ್ನು ಮುಂದಕ್ಕೆ ಬಾಗಿಸುತ್ತಾರೆ. ಇಳಿಯುವಾಗ ಹಿಮ್ಮಡಿಯನ್ನೂರಿ ಹಿಂದಕ್ಕೆ ವಾಲುತ್ತಾರೆ. ಅಗಲವಾದ ಪಾದವುಳ್ಳ ಮನುಷ್ಯನಿಗೆ ಈ ಹೊಂದಾಣಿಕೆ ಸುಲಭಸಾಧ್ಯ. ಇದೇ ಹಾದಿಯಲ್ಲಿ ಒಂದು ಕಾಲದಲ್ಲಿ ಪಾಳೆಯಗಾರರ ಕುದುರೆಗಳೂ ಓಡಾಡಿದವು. ಅವುಗಳಿಗೆ ಇಂತಹ ಪಾದವಿರಲಿಲ್ಲ. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲೆಂದು ಕರೆಯುವ ಕೀಲು ನಿಜದಲ್ಲಿ ಅದರ ಮಣಿಕಟ್ಟು. ಅಲ್ಲಿಂದ ಕೆಳಗಿರುವುದೆಲ್ಲ ಒಂದು ಅಂಗೈ ಮತ್ತು ಒಂದೇ ಒಂದು ಬೆರಳು. ಆ ಬೆರಳಿನ ಉಗುರೇ ಗೊರಸು. ಇಡೀ ದೇಹವು ಉಗುರಿನ ಮೇಲೆ ನಿಂತಿದೆಯೆಂದ ಮೇಲೆ, ಆ ಉಗುರಿನ ಆಕಾರದಲ್ಲಿ ಆಗುವ ಅಲ್ಪ ವ್ಯತ್ಯಾಸವೂ ನಡೆಯನ್ನು ಬದಲಿಸುವುದು ಸಹಜವೇ ಆಗಿದೆ.

ಕುದುರೆಯ ದೇಹದ ತೂಕ ನಾಲ್ಕು ಕಾಲುಗಳಿಗೂ ಸಮವಾಗಿ ಹಂಚಿಕೆಯಾಗುವುದಿಲ್ಲ. ತಲೆ, ಕತ್ತುಗಳು ಮುಂದಕ್ಕೆ ಚಾಚಿರುವುದರಿಂದ ತೂಕದ ಸುಮಾರು ಶೇಕಡ 60ರಷ್ಟು ಮುಂಗಾಲುಗಳ ಪಾಲಿಗೆ ಬರುತ್ತದೆ. 400 ಕಿಲೋ ತೂಗುವ ಕುದುರೆ ಸುಮ್ಮನೆ ನಿಂತಾಗ ಒಂದೊಂದು ಮುಂಗಾಲಿನ ಮೇಲೂ 120 ಕಿಲೋದಷ್ಟು ಭಾರವಿರುತ್ತದೆ. ನಡೆಯುವಾಗ ಒಂದೆರಡು ಕಾಲುಗಳು ಸದಾ ಗಾಳಿಯಲ್ಲಿರುವುದರಿಂದ, ಊರಿದ ಮುಂಗಾಲು ಒಂದು ಕ್ಷಣ ದೇಹದ ಅರ್ಧಕ್ಕಿಂತ ಹೆಚ್ಚು ಭಾರವನ್ನು ಒಂದೇ ಗೊರಸಿನ ಮೇಲೆ ತಾಳಿಕೊಳ್ಳಬೇಕಾಗುತ್ತದೆ. ಇಳಿಜಾರಿನಲ್ಲಿ ಈ ಹೊರೆ ಇನ್ನೂ ಮುಂದಕ್ಕೆ ಸರಿಯುತ್ತದೆ.

ಆರೋಗ್ಯವಾದ ಗೊರಸು ಈ ಭಾರವನ್ನು ಹೇಗೆ ನಿಭಾಯಿಸುತ್ತದೆಂಬುದು ವಿಸ್ಮಯಕರ. ಸಮನೆಲದಲ್ಲಿ ನಡೆಯುವಾಗ ಗೊರಸಿನ ಹಿಂಭಾಗ ತುಸು ಮೊದಲೇ ನೆಲ ಮುಟ್ಟುತ್ತದೆ, ಇಲ್ಲವೇ ಗೊರಸು ಸಮತಟ್ಟಾಗಿ ಊರುತ್ತದೆ. ಅಡಿಯಲ್ಲಿರುವ ತ್ರಿಕೋನಾಕಾರದ ಮೆತ್ತನೆಯ ಭಾಗವೂ ಅದರ ಮೇಲಿನ ದಿಂಬಿನಂತಹ ಅಂಗಾಂಶವೂ ಒತ್ತಡಕ್ಕೆ ಸಿಕ್ಕಿ, ಹಿಂಭಾಗದ ಎರಡು ಬದಿಗಳು ಕೂದಲೆಳೆಯಷ್ಟು ಅಗಲಗೊಳ್ಳುತ್ತವೆ. ಪೆಟ್ಟು ಅಲ್ಲಿಯೇ ಇಂಗಿ, ಮೇಲಿನ ಮೂಳೆಗಳಿಗೆ ಮೃದುವಾಗಿ ತಲುಪುತ್ತದೆ. ಬಳಿಕ ಭಾರ ಮುಂದಕ್ಕೆ ಸರಿದು, ಗೊರಸು ತನ್ನ ತುದಿಯ ಮೇಲೆ ಉರುಳಿ ನೆಲ ಬಿಡುತ್ತದೆ. ಆಕಾರ ಕೆಟ್ಟರೆ ಮೊದಲು ತೊಡಕಾಗುವುದು ಈ ಉರುಳುವ ಗಳಿಗೆಯಲ್ಲಿಯೇ.

ತುದಿ ಉದ್ದವಾಗಿ, ಹಿಂಭಾಗ ತಗ್ಗಿದ ಗೊರಸನ್ನು ಗಮನಿಸಿ. ನೀರು ತುಂಬಿದ ಬಿಂದಿಗೆಯನ್ನು ಮೈಗೆ ಒತ್ತಿ ಹಿಡಿದರೆ ಆಗದ ಆಯಾಸ, ಅದನ್ನೇ ಕೈ ಚಾಚಿ ಹಿಡಿದಾಗ ಆಗುತ್ತದಷ್ಟೆ. ಗೊರಸಿನ ತುದಿ ಕೀಲಿನಿಂದ ದೂರ ಹೋದಷ್ಟೂ ಹಿಂಭಾಗವನ್ನು ನೆಲದಿಂದೆತ್ತಲು ಕಾಲಿನ ಹಿಂಬದಿಯ ಸ್ನಾಯುರಜ್ಜು ಹೆಚ್ಚು ಬಲದಿಂದ ಎಳೆಯಬೇಕು. ಆ ರಜ್ಜು ಗೊರಸಿನೊಳಗೆ ದೋಣಿಯಾಕಾರದ ಒಂದು ಸಣ್ಣ ಮೂಳೆಯನ್ನು ಒತ್ತಿಕೊಂಡು ಸಾಗುವುದರಿಂದ, ಪ್ರತಿ ಹೆಜ್ಜೆಯಲ್ಲಿಯೂ ಆ ಮೂಳೆ ನಲುಗುತ್ತದೆ. ಹಲವು ಕುದುರೆಗಳ ತೀರದ ಕುಂಟಿಗೆ ಇದೂ ಒಂದು ಕಾರಣ. ಒಂದು ಬದಿ ಎತ್ತರವಾಗಿ ಮತ್ತೊಂದು ತಗ್ಗಾಗಿದ್ದರೆ ಎತ್ತರದ ಬದಿಯೇ ಮೊದಲು ನೆಲಕ್ಕೆ ಬಡಿದು ಕೀಲು ಓರೆಯಾಗಿ ಒತ್ತಲ್ಪಡುತ್ತದೆ.

ಕುದುರೆಯ ಗೊರಸು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬರಿಗಾಲಿನ ಪ್ರಾಣಿ ಕಲ್ಲುನೆಲದಲ್ಲಿ ತಿರುಗಾಡಿ ಬೆಳೆದಷ್ಟನ್ನೂ ಸವೆಸಿಕೊಳ್ಳುತ್ತದೆ. ಲಾಳ ಕಟ್ಟಿದ ಮೇಲೆ ಸವೆತ ನಿಲ್ಲುತ್ತದೆ, ಬೆಳವಣಿಗೆ ನಿಲ್ಲುವುದಿಲ್ಲ. ಆರೆಂಟು ವಾರ ಕಳೆಯುವಷ್ಟರಲ್ಲಿ ತುದಿ ಮುಂದಕ್ಕೆ ಚಾಚಿ, ಭಾರದ ಕೇಂದ್ರ ಹಿಂಭಾಗಕ್ಕೆ ಸರಿಯುತ್ತದೆಂದು ಇತ್ತೀಚಿನ ದಶಕಗಳ ಅಳತೆಗಳು ತೋರಿಸಿವೆ. ಆದ್ದರಿಂದ ಲಾಳ ಸವೆಯದಿದ್ದರೂ ಅದನ್ನು ಬಿಚ್ಚಿ, ಗೊರಸನ್ನು ಹೆರೆದು, ಅರದಿಂದ ಸಮಮಾಡಿ ಮತ್ತೆ ಕಟ್ಟಬೇಕು. ಹಣ ಉಳಿಸುವ ಆಸೆಯಿಂದ ಲಾಳ ತಾನಾಗಿ ಕಳಚುವವರೆಗೆ ಕಾಯುವ ಒಡೆಯನು ಉಳಿಸಿದ್ದಕ್ಕಿಂತ ಹೆಚ್ಚನ್ನೇ ಕಳೆದುಕೊಳ್ಳುತ್ತಾನೆ. ಲಾಳ ಕಟ್ಟುವವನ ಜಾಣ್ಮೆ ಸುತ್ತಿಗೆಯಲ್ಲಿರುವುದಕ್ಕಿಂತ ಅರದಲ್ಲಿದೆ ಎನ್ನಬೇಕು.

ನಮ್ಮ ಜಿಲ್ಲೆಯ ಹೊಲಗಳಲ್ಲಿ ದುಡಿದುದು ಹೆಚ್ಚಾಗಿ ಎತ್ತು. ಅದರ ಗೊರಸು ಸೀಳುಗೊರಸು. ಭಾರ ಎರಡು ಬೆರಳುಗಳಿಗೆ ಹಂಚಿಹೋಗುತ್ತದೆ, ಆದರೆ ಅಲ್ಲಿಯೂ ಸಮವಾಗಿ ಅಲ್ಲ. ಸಾಮಾನ್ಯವಾಗಿ ಹಿಂಗಾಲಿನಲ್ಲಿ ಹೊರಗಿನ ಗೊರಸಿಗೂ ಮುಂಗಾಲಿನಲ್ಲಿ ಒಳಗಿನ ಗೊರಸಿಗೂ ಹೆಚ್ಚು ಪಾಲು. ನಡೆಯುವಾಗ ಎರಡೂ ತುಸು ಅಗಲುವುದರಿಂದಲೇ ಎತ್ತಿಗೆ ಒಂದೊಂದು ಕಾಲಿಗೆ ಎರಡು ತೆಳುವಾದ ಲಾಳಗಳನ್ನು ಬೇರೆಬೇರೆಯಾಗಿ ಕಟ್ಟುತ್ತಾರೆ. ಇಡಿಯಾದ ಒಂದೇ ಕಬ್ಬಿಣವನ್ನು ಹೊಡೆದರೆ ಸೀಳಿನ ಉಪಯೋಗವೇ ಕೆಡುತ್ತದೆ. ಇದನ್ನು ನಮ್ಮ ಹಳ್ಳಿಗಳ ಕಸುಬುದಾರರು ಯಾವ ಪುಸ್ತಕವನ್ನೂ ಓದದೆ ಅರಿತಿದ್ದರು. ದನಗಳ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ಗ್ರಂಥವಿರಲಿಲ್ಲವೆಂದಲ್ಲ; 12ನೆಯ ಶತಮಾನದ ಆದಿಭಾಗದಲ್ಲಿಯೇ ಚಾಳುಕ್ಯ ವಂಶದ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದ್ದನು.

ಉತ್ತಮ ಗೊರಸಿಗೆ ನಿದರ್ಶನ ಬೇಕಾದರೆ ಅಮೃತಮಹಲ್ ತಳಿಯನ್ನು ನೋಡಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ಫಿರಂಗಿ ಎಳೆಯುವ ಎತ್ತುಗಳು ಈ ಹಿಂಡುಗಳಿಂದ ಬರುತ್ತಿದ್ದವು. ಹೊಸದುರ್ಗಕ್ಕೆ ನೆರೆಯ ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನ ಕೇಂದ್ರವಿದೆ. ಈ ದನಗಳ ಗೊರಸು ಚಿಕ್ಕದು, ಕಪ್ಪು, ಗಟ್ಟಿ; ಸೀಳು ಕಿರಿದು. ಕಾವಲುಗಳ ಗಡಸು ನೆಲದಲ್ಲಿ ದಿನವೆಲ್ಲ ಮೇಯುತ್ತ ಅಲೆಯುವ ರಾಸಿಗೆ ನೆಲವೇ ಅರವಾಗಿ ಪರಿಣಮಿಸುತ್ತದೆ.

ಅದೇ ಗೊರಸು ಹಿರಿಯೂರಿನ ಎರೆಹೊಲಕ್ಕಿಳಿದರೆ ಬೇರೊಂದು ಪರೀಕ್ಷೆ ಎದುರಾಗುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಸೀಳಿನಲ್ಲಿ ಮೆತ್ತಿಕೊಂಡು ಗೊರಸನ್ನು ನೆನೆಸಿ ಮೆದುಮಾಡುತ್ತದೆ. ಬೇಸಗೆಯಲ್ಲಿ ಒಣಗಿದ ಗೊರಸು ಬಿರಿಯುತ್ತದೆ. ಹೊಳಲ್ಕೆರೆ, ಹೊಸದುರ್ಗಗಳ ಕಡೆ ಇಂದು ಕಾಣುವ ತೊಂದರೆ ಮತ್ತೊಂದು ಬಗೆಯದು. ಮಿಶ್ರತಳಿಯ ಹಸುಗಳು ಸಿಮೆಂಟಿನ ಕೊಟ್ಟಿಗೆಯಲ್ಲಿ, ಸಗಣಿ ಗಂಜಲದ ತೇವದಲ್ಲಿ ನಿಂತೇ ದಿನ ಕಳೆಯುತ್ತವೆ. ಹೊರಗಿನ ಗೊರಸು ಬೆಳೆದು ದಪ್ಪವಾಗಿ ಇನ್ನಷ್ಟು ಭಾರವನ್ನು ತನ್ನ ಮೇಲೆಳೆದುಕೊಂಡು, ಅಡಿಯಲ್ಲಿ ಹುಣ್ಣಾಗುತ್ತದೆ. ಹಸು ನೋವನ್ನು ತಪ್ಪಿಸಿಕೊಳ್ಳಲು ಹಿಂಗಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲುತ್ತದೆ; ಮೇವು ತಗ್ಗುತ್ತದೆ, ಹಾಲೂ ತಗ್ಗುತ್ತದೆ. ಒಡೆಯನು ಹಿಂಡಿಯನ್ನು ದೂರುತ್ತಾನೆಯೇ ಹೊರತು ಕಾಲನ್ನೆತ್ತಿ ನೋಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಲಾಳ ಕಟ್ಟುವವರು ವಿರಳರಾದರು. ಅವರೊಡನೆ ಗೊರಸು ಹೆರೆಯುವ ಕೈಯೂ ವಿರಳವಾಯಿತು. ಎತ್ತು ಕಡಿಮೆಯಾದರೂ ಕೊಟ್ಟಿಗೆಯಲ್ಲಿ ಹಸುಗಳಿರುವಾಗ ಆ ಕೈಯ ಅಗತ್ಯ ಕಡಿಮೆಯಾಗಿಲ್ಲ.

ಇದನ್ನು ಪರೀಕ್ಷಿಸಲು ಶಾಲೆಯ ಮಕ್ಕಳಿಗೂ ಸಾಧ್ಯ. ಪ್ರಾಣಿಯನ್ನು ಸಮನಾದ ಗಟ್ಟಿನೆಲದಲ್ಲಿ ನಡೆಸಿ, ಮೊದಲು ಹಿಂದಿನಿಂದಲೂ ಆಮೇಲೆ ಪಕ್ಕದಿಂದಲೂ ನೋಡಬೇಕು. ಗೊರಸಿನ ಯಾವ ಬದಿ ಮೊದಲು ನೆಲ ಮುಟ್ಟಿತು, ಹಸಿಮಣ್ಣಿನ ಗುರುತಿನಲ್ಲಿ ಯಾವ ಅಂಚು ಆಳವಾಗಿದೆ ಎಂಬುದನ್ನು ಬರೆದುಕೊಳ್ಳಬೇಕು. ಕುದುರೆಯಾದರೆ ತಲೆಯನ್ನೂ ಗಮನಿಸಬೇಕು: ನೋಯುವ ಮುಂಗಾಲು ಊರಿದಾಗ ತಲೆ ಮೇಲಕ್ಕೇಳುತ್ತದೆ, ನೋವಿಲ್ಲದ ಕಾಲು ಊರಿದಾಗ ತಗ್ಗುತ್ತದೆ.