ಕರಗದೆ ಬೆಸೆಯುವ ಪುಡಿ

ಗೂಡಿನಲ್ಲಿ ಸುಟ್ಟ ಇಟ್ಟಿಗೆಯು ಗಟ್ಟಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಅಲ್ಲಿ ಮಣ್ಣಿನ ಒಂದಂಶವು ಕರಗಿ, ಗಾಜಿನಂತಾಗಿ, ಉಳಿದ ಕಣಗಳನ್ನು ಅಂಟಿಸುತ್ತದೆ. ಆದರೆ ಶುದ್ಧವಾದ ಅಲ್ಯೂಮಿನಾ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಮಾರು 1,700 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಅದೂ ಕಲ್ಲಿನಂತಾಗುತ್ತದೆ. ಅಲ್ಯೂಮಿನಾ ಕರಗುವುದಾದರೋ 2,050 ಡಿಗ್ರಿಯನ್ನು ದಾಟಿದ ಮೇಲೆ. ಏನೂ ಕರಗದೆ ಕಣಗಳು ಬೆಸೆದುಕೊಂಡುದು ಹೇಗೆ? ಈ ಕ್ರಿಯೆಗೆ ಸಿಂಟರಿಂಗ್ ಎಂದು ಹೆಸರು.

ಇದರ ಮೂಲವು ಮೇಲ್ಮೈ ಶಕ್ತಿಯಲ್ಲಿದೆ. 1 ಸೆಂಟಿಮೀಟರ್ ಬಾಹುವುಳ್ಳ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು 1 ಮೈಕ್ರಾನ್ ಬಾಹುವಿನ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 6 ಚದರ ಮೀಟರ್, ಎಂದರೆ ಹತ್ತು ಸಾವಿರ ಪಟ್ಟು ಆಗುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಅದರ ಶಕ್ತಿಯೂ ಹೆಚ್ಚು. ಎರಡು ನೀರಿನ ಹನಿಗಳು ಕೂಡಿ ಒಂದಾಗುವುದು ಈ ಶಕ್ತಿಯು ಕಡಿಮೆಯಾಗುವುದರಿಂದಲೇ. ಪುಡಿಯ ಒಲವೂ ಅತ್ತಲೇ. ಆದರೆ ತಣ್ಣಗಿರುವ ಘನವಸ್ತುವಿನಲ್ಲಿ ಪರಮಾಣುಗಳು ಸ್ಥಾನ ಬಿಟ್ಟು ಕದಲಲಾರವು. ಉಷ್ಣತೆ ಏರಿದಾಗ ಅವು ಮೆಲ್ಲನೆ ಸರಿಯತೊಡಗುತ್ತವೆ. ಇದೇ ವಿಸರಣ.

ಮೊದಲು ಕಣಗಳು ತಾಗುವೆಡೆಯಲ್ಲಿ ಕಿರಿದಾದ ಕತ್ತು ಮೂಡುತ್ತದೆ. ಬಳಿಕ ಕಣಗಳ ನಡುವಣ ಎಲ್ಲೆಯಿಂದ ಪರಮಾಣುಗಳು ಹೊರಟು ರಂಧ್ರಗಳನ್ನು ತುಂಬುತ್ತವೆ. ಕಣಗಳ ಕೇಂದ್ರಗಳು ಹತ್ತಿರವಾಗಿ ವಸ್ತುವು ಕುಗ್ಗುತ್ತದೆ. ಒತ್ತಿದ ಪುಡಿಯ ಗಾತ್ರದಲ್ಲಿ ಶೇಕಡಾ 60 ಭಾಗ ಮಾತ್ರ ಅಲ್ಯೂಮಿನಾ ಇದ್ದಿತೆನ್ನೋಣ. ರಂಧ್ರಗಳೆಲ್ಲ ಮುಚ್ಚಿದಾಗ 10 ಸೆಂಟಿಮೀಟರ್ ಉದ್ದದ ಸರಳು ಸುಮಾರು 8.4 ಸೆಂಟಿಮೀಟರಿಗೆ ಇಳಿಯುತ್ತದೆ, ಏಕೆಂದರೆ 0.6ರ ಘನಮೂಲ 0.84. ಶೇಕಡಾ 50 ಇದ್ದರೆ ಎಷ್ಟಾಗುವುದೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ಇಲ್ಲೊಂದು ತೊಡಕುಂಟು. ಅದೇ ಉಷ್ಣತೆಯಲ್ಲಿ ದೊಡ್ಡ ಹರಳುಗಳು ಸಣ್ಣವನ್ನು ನುಂಗಿ ಬೆಳೆಯುತ್ತವೆ. ಅವುಗಳ ಎಲ್ಲೆಗಳು ವೇಗವಾಗಿ ಸರಿದರೆ ರಂಧ್ರಗಳು ಹಿಂದುಳಿದು ಹರಳಿನ ಒಡಲಲ್ಲಿ ಸಿಕ್ಕಿಬೀಳುತ್ತವೆ. ಎಲ್ಲೆಯಿಂದ ದೂರವಾದ ರಂಧ್ರವು ಮುಚ್ಚುವುದು ಬಹು ಕಷ್ಟ. ಇಂತಹ ರಂಧ್ರಗಳು ಬೆಳಕನ್ನು ಚದುರಿಸುವುದರಿಂದ ವಸ್ತುವು ಸುಣ್ಣದಂತೆ ಬೆಳ್ಳಗೆ ಕಾಣುತ್ತದೆ.

1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ರಾಬರ್ಟ್ ಕೋಬಲ್ ಎಂಬ ವಿಜ್ಞಾನಿಯು ಇದಕ್ಕೆ ಉಪಾಯವನ್ನು ಕಂಡನು. ಶೇಕಡಾ ಅರ್ಧಕ್ಕೂ ಕಡಿಮೆ ಮೆಗ್ನೀಷಿಯಾವನ್ನು ಬೆರೆಸಿದಾಗ ಎಲ್ಲೆಗಳ ಓಟ ತಗ್ಗಿತು. ರಂಧ್ರಗಳು ಎಲ್ಲೆಯಲ್ಲಿಯೇ ಉಳಿದು ಮುಚ್ಚಿಹೋದವು. ಅಲ್ಯೂಮಿನಾ ಬೆಳಕನ್ನು ಹಾಯಗೊಟ್ಟಿತು. ಕಾದ ಸೋಡಿಯಂ ಆವಿಯು ಸಾಮಾನ್ಯ ಗಾಜನ್ನು ಕೆಡಿಸುತ್ತದೆ. ಈ ವಸ್ತುವಾದರೋ ಅದನ್ನು ತಾಳಿಕೊಳ್ಳುತ್ತದೆ. 1960ರ ದಶಕದಲ್ಲಿ ಬಳಕೆಗೆ ಬಂದ ಅಧಿಕ ಒತ್ತಡದ ಸೋಡಿಯಂ ಬೀದಿದೀಪದ ಒಳನಳಿಗೆಯು ಇದರಿಂದಲೇ ಆದುದು.

ಆದುದರಿಂದ ಶಾಖವೊಂದನ್ನೇ ಹೆಚ್ಚಿಸಿದರೆ ಸಾಲದು. ಹರಳು ಬೆಳೆದು ರಂಧ್ರವನ್ನು ಸೆರೆಹಿಡಿಯುವ ಮೊದಲೇ ರಂಧ್ರವು ಮುಚ್ಚಬೇಕು. ಪುಡಿಯನ್ನು ಬೇಯಿಸುವ ವಿದ್ಯೆಯ ಮರ್ಮವಿರುವುದು ಇಲ್ಲಿಯೇ.