ಚೀಟಿಯ ಮೇಲೊಂದು ಸೀಲು

ಡಿ.ಫಾರ್ಮ ಮುಗಿಸಿ ಫಾರ್ಮಸಿ ಕೌನ್ಸಿಲ್ಲಿನ ನೋಂದಣಿಯನ್ನೂ ಮಾಡಿಸಿಕೊಂಡೆಯಂತೆ. ಮಾಲೇಕಲ್ಲು ರಸ್ತೆಯಲ್ಲಿ ಮಳಿಗೆ ನೋಡಿದ್ದೀಯ ಅಂತ ನಿಮ್ಮಪ್ಪ ಮೊನ್ನೆ ಅರಸೀಕೆರೆಗೆ ಕೊಬ್ಬರಿ ಹಾಕಲು ಬಂದಾಗ ಹೇಳಿದ. ಮೆಡಿಕಲ್ ಶಾಪಿಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ಟೇಪು ಹಿಡಿದು ಅಳೆದ ಮೇಲೇ ಅಡ್ವಾನ್ಸ್ ಕೊಡು. ಫ್ರಿಜ್ಜು, ರ‍್ಯಾಕು, ಬಿಲ್ಲಿನ ಸಾಫ್ಟ್‌ವೇರು ಇದನ್ನೆಲ್ಲ ಹೇಳಿಕೊಡಲು ಹೋಲ್‌ಸೇಲಿನವರೇ ಸಾಲುಗಟ್ಟಿ ಬರುತ್ತಾರೆ. ಅವರು ಹೇಳದೆ ಬಿಡುವ ಒಂದು ವಿಷಯವಿದೆ ತಮ್ಮ. ನಿದ್ದೆ ಮಾತ್ರೆ, ಬಿಗಿ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಇವನ್ನು ಯಾರಿಗೆ, ಹೇಗೆ ಕೊಡುವುದು ಅನ್ನುವುದು. ನಲವತ್ತು ವರ್ಷ ಕೌಂಟರಿನ ಹಿಂದೆ ನಿಂತು ಕಾಲು ಊದಿಸಿಕೊಂಡವನು ನಾನು, ಸ್ವಲ್ಪ ಕೇಳಿಸಿಕೋ.

ಅದಕ್ಕೂ ಮೊದಲು ಇನ್ನೊಂದು. ನಿನ್ನ ಹತ್ತಿರ ಯಾರಾದರೂ ಬಂದು, "ನೀನ್ಯಾಕೆ ಬಂಡವಾಳ ಹಾಕ್ತೀಯ? ನಿನ್ನ ಸರ್ಟಿಫಿಕೇಟು ನಮ್ಮ ಅಂಗಡಿ ಗೋಡೆಗೆ ತಗಲಾಕು, ತಿಂಗಳು ತಿಂಗಳು ದುಡ್ಡು ಮನೆಗೇ ಬರುತ್ತೆ" ಅನ್ನುತ್ತಾರೆ. ಅನ್ನದೇ ಇದ್ದರೆ ಆಶ್ಚರ್ಯ. ಒಪ್ಪಬೇಡ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಚೀಟಿ ನೋಡಿ ಔಷಧಿ ಕೊಡಬೇಕಾದವನು ನೋಂದಾಯಿತ ಫಾರ್ಮಸಿಸ್ಟು ಮಾತ್ರ. ನೀನು ಮನೆಯಲ್ಲಿ ಕೂತಿರುವಾಗ ಆ ಅಂಗಡಿಯಿಂದ ಏನು ಹೊರಗೆ ಹೋದರೂ ಅದು ನಿನ್ನ ಹೆಸರಿನಲ್ಲೇ ಹೋದಂತೆ. ಸರ್ಟಿಫಿಕೇಟು ಬಾಡಿಗೆಗೆ ಕೊಟ್ಟವರ ಮೇಲೆ ನನಗೆ ಇವತ್ತಿಗೂ ಗೌರವವಿಲ್ಲ. ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ.

ಈಗ ಸ್ಟ್ರಿಪ್ಪು ನೋಡುವುದನ್ನು ಕಲಿ. ಕಾಲೇಜಿನಲ್ಲಿ ಓದಿರುತ್ತೀಯ, ಆದರೆ ಪರೀಕ್ಷೆಗೆ ಓದಿದ್ದಕ್ಕೂ ಸಂಜೆ ಏಳು ಗಂಟೆಯ ಗಲಾಟೆಯಲ್ಲಿ ಕಣ್ಣಿಗೆ ಬೀಳುವುದಕ್ಕೂ ವ್ಯತ್ಯಾಸವಿದೆ. ಬರೀ 'ಆರ್‌ಎಕ್ಸ್' ಇದ್ದರೆ ಶೆಡ್ಯೂಲ್ ಎಚ್, ಚೀಟಿ ಬೇಕು. ಕೆಂಪು ಅಕ್ಷರದಲ್ಲಿ 'ಆರ್‌ಎಕ್ಸ್' ಇದ್ದು, ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಬರೆದಿದ್ದರೆ ಎಚ್-1. 'ಎನ್‌ಆರ್‌ಎಕ್ಸ್' ಅಂತಿದ್ದರೆ ಅದು ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಕೈಗೂ ಸಿಕ್ಕುವ ಔಷಧಿ, ಪೊಲೀಸರಿಗೂ ಅದರಲ್ಲಿ ಪಾಲಿದೆ. 'ಎಕ್ಸ್‌ಆರ್‌ಎಕ್ಸ್' ಅಂದರೆ ಶೆಡ್ಯೂಲ್ ಎಕ್ಸ್, ಕೆಟಮಿನ್, ಮೀಥೈಲ್‌ಫೆನಿಡೇಟ್ ತರಹದವು. ಅದಕ್ಕೆ ಬೇರೆ ಲೈಸೆನ್ಸು, ಬೀಗ ಹಾಕಿದ ಬೀರು, ಎರಡು ಪ್ರತಿ ಚೀಟಿ, ಒಂದು ಪ್ರತಿ ಎರಡು ವರ್ಷ ನಿನ್ನ ಹತ್ತಿರವೇ. ಹೊಸ ಅಂಗಡಿಗೆ ಅದರ ಉಸಾಬರಿ ಬೇಡ.

ನಿನಗೆ ದಿನಾ ಎದುರಾಗುವುದು ಎಚ್-1. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಪಟ್ಟಿ ಅದು, ಆಗ 46 ಔಷಧಿಗಳಿದ್ದವು. ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್, ಕೊಡೀನ್, ಪೆಂಟಜೋಸಿನ್, ಟ್ರಮಡಾಲ್ ಎಲ್ಲ ಅದರಲ್ಲಿವೆ. ಜೊತೆಗೆ ಕ್ಷಯದ ಮಾತ್ರೆಗಳು, ದೊಡ್ಡ ಆಂಟಿಬಯಾಟಿಕ್ಕುಗಳು. ಟ್ರಮಡಾಲನ್ನು 2018ರಲ್ಲಿ ಎನ್‌ಡಿಪಿಎಸ್ ಅಡಿಗೂ ತಂದರು. ಇವನ್ನು ಕೊಟ್ಟಾಗ ಬೇರೆ ರಿಜಿಸ್ಟರಿನಲ್ಲಿ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆ ಅನ್ನುವುದನ್ನು ಬರೆಯಬೇಕು. ಮೂರು ವರ್ಷ ಆ ಪುಸ್ತಕ ಇಟ್ಟುಕೊಳ್ಳಬೇಕು. ರಾತ್ರಿ ಬಾಗಿಲು ಹಾಕುವಾಗ ಒಟ್ಟಿಗೆ ಬರೆದುಕೊಂಡರಾಯಿತು ಅಂದುಕೊಳ್ಳಬೇಡ. ರಾತ್ರಿ ಬರೆದ ರಿಜಿಸ್ಟರು ಕಥೆಪುಸ್ತಕ. ಡ್ರಗ್ ಇನ್ಸ್‌ಪೆಕ್ಟರ್ ಒಂದೇ ಶಾಯಿ, ಒಂದೇ ಓಟದ ಅಕ್ಷರ ಕಂಡರೆ ಪುಟ ತಿರುಗಿಸುವ ಮೊದಲೇ ಮುಗುಳ್ನಗುತ್ತಾರೆ.

ರಿಜಿಸ್ಟರಿಗಿಂತ ಹೆಚ್ಚಾಗಿ ಎಲ್ಲರೂ ಮರೆಯುವುದು ಸೀಲು. ಔಷಧಿ ಕೊಟ್ಟ ಕೂಡಲೇ ಆ ಚೀಟಿಯಲ್ಲೇ, ವೈದ್ಯರ ಸಹಿಯ ಮೇಲ್ಗಡೆ, ನಿನ್ನ ಅಂಗಡಿಯ ಹೆಸರು, ವಿಳಾಸ, ತಾರೀಖು ಬೀಳಬೇಕು. ವೈದ್ಯರು ಮತ್ತೆ ಕೊಡಿ ಅಂತ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ಇದು ಹಳೇ ನಿಯಮ, ಎಚ್-1 ಬರುವುದಕ್ಕೂ ಬಹಳ ಹಿಂದಿನದು. ನಾನೂ ಮರೆತಿದ್ದೆ. ಮರೆತದ್ದಲ್ಲ, ಸಂಕೋಚ.

ನನಗೆ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರೊಬ್ಬರಿದ್ದರು. ಹೆಂಡತಿ ಹೋದ ಮೇಲೆ ನಿದ್ದೆ ಬರುತ್ತಿಲ್ಲ ಅಂತ ವೈದ್ಯರಿಗೆ ತೋರಿಸಿದರು. ಹತ್ತು ದಿನಕ್ಕೆ ಬರೆದುಕೊಟ್ಟಿದ್ದ ಚೀಟಿ. ಹನ್ನೊಂದನೇ ದಿನ ಅದೇ ಚೀಟಿ ಹಿಡಿದು ನನ್ನ ಮುಂದೆ ನಿಂತರು. ಬೆತ್ತ ಹಿಡಿದವರ ಎದುರು ನಾನು "ಇಲ್ಲ ಸಾರ್" ಅನ್ನುವುದಾ? ಕೊಟ್ಟೆ. ಆಮೇಲೂ ಕೊಟ್ಟೆ. ಚೀಟಿ ಮಡಿಸಿ ಮಡಿಸಿ ನಾಲ್ಕು ತುಂಡಾಗಿ, ಸೆಲ್ಲೋಟೇಪು ಹಾಕಿಸಿಕೊಂಡಿತು. ಒಂದು ಬೆಳಗಿನ ಜಾವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಮಗ ಬೆಂಗಳೂರಿನಿಂದ ಬಂದವನು ಒಂದು ಕೈಚೀಲದ ತುಂಬ ಸ್ಟ್ರಿಪ್ಪು ತಂದು ನನ್ನ ಕೌಂಟರಿನ ಮೇಲೆ ಸುರಿದ. ಬ್ಯಾಚ್ ನಂಬರು ನೋಡಿದೆ, ನಮ್ಮ ಅಂಗಡಿಯದು ಕಾಲು ಭಾಗವೂ ಇರಲಿಲ್ಲ. ಮೇಷ್ಟ್ರು ಒಂದೇ ಚೀಟಿಯಲ್ಲಿ ನಾಲ್ಕು ಅಂಗಡಿ ಸುತ್ತುತ್ತಿದ್ದರು. ನಾಲ್ವರೂ ಅವರ ಶಿಷ್ಯರು, ನಾಲ್ವರಿಗೂ ಗೌರವ. ಆ ಚೀಟಿಯ ಮೇಲೆ ಒಂದು ಸೀಲಿರಲಿಲ್ಲ. ಒಂದಿದ್ದಿದ್ದರೆ ಎರಡನೆಯವನಿಗೆ ಗೊತ್ತಾಗುತ್ತಿತ್ತು. ಮಗ ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ.

ಅದಕ್ಕೇ ಹೇಳುತ್ತೇನೆ, ಗುರುತಿಲ್ಲದವನಿಗೆ ಇಲ್ಲ ಅನ್ನುವುದು ಸುಲಭ. ಲಾರಿ ಸೈಡಿಗೆ ಹಾಕಿ ಬಂದವನು ಮಾತ್ರೆಯ ಹೆಸರನ್ನೇ ಹೇಳಿ ಕೇಳಿದರೆ ನಿನಗೇ ಅನುಮಾನ ಬರುತ್ತೆ. ನಿನ್ನ ಪರೀಕ್ಷೆ ಇರುವುದು ಸೋದರಮಾವ ಬಂದಾಗ, ಪಂಚಾಯ್ತಿ ಮೆಂಬರು ಬಂದಾಗ, ನಿನ್ನ ಜೊತೆ ಕ್ರಿಕೆಟ್ ಆಡಿದವನು ಬಂದು "ಸಿರಪ್ಪು ಒಂದೇ ಬಾಟ್ಲು ಕಣೋ" ಅಂದಾಗ. ಆಷಾಢದ ಜಾತ್ರೆಯಲ್ಲಿ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ಇಳಿದವರು ಮಂಡಿ ಹಿಡಿದುಕೊಂಡು ಬರುತ್ತಾರೆ. "ಹೋದ ವರ್ಷ ಬಿಗಿಯಾದ್ದು ಕೊಟ್ಟಿದ್ರು, ಅದೇ ಕೊಡಿ" ಅಂತಾರೆ. ಪ್ಯಾರಾಸಿಟಮಾಲ್ ಕೊಡು, ಮುಲಾಮು ಕೊಡು, ಕೂರಲು ಒಂದು ಸ್ಟೂಲು ಕೊಡು. ಟ್ರಮಡಾಲ್ ಕೊಡಬೇಡ. ಅತ್ತೆ, ಮಾವ, ಗೌಡ್ರೇ ಅಂತ ಬಾಯಿ ತುಂಬ ಕರೆದು, "ಪುಸ್ತಕದಲ್ಲಿ ಡಾಕ್ಟರ ಹೆಸರು ಬರೀಬೇಕು, ಏನಂತ ಬರೀಲಿ?" ಅಂತ ರಿಜಿಸ್ಟರು ತೋರಿಸು. ನೀನು ಇಲ್ಲ ಅಂದರೆ ಅವರಿಗೆ ಅವಮಾನ, ಪುಸ್ತಕ ಇಲ್ಲ ಅಂದರೆ ಯಾರಿಗೂ ಅವಮಾನವಿಲ್ಲ.

ವಾಟ್ಸ್ಯಾಪ್ ಚೀಟಿ ಬಂದಿದೆ ಈಗ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ನಿಯಮದಲ್ಲೇ ಇದೆ: ಫೋನಿನಲ್ಲಿ ನೋಡಿ ಶೆಡ್ಯೂಲ್ ಎಕ್ಸ್ ಆಗಲಿ, ಎನ್‌ಡಿಪಿಎಸ್‌ಗೆ ಬರುವ ಔಷಧಿಯಾಗಲಿ ಬರೆಯುವಂತಿಲ್ಲ. ಹಾಗಾಗಿ ಫೋಟೋ ತೋರಿಸಿ ಆಲ್ಪ್ರಜೋಲಾಮ್ ಕೇಳಿದರೆ ನಯವಾಗಿ ವಾಪಸ್ ಕಳಿಸು. ಕಾಗದದ ಚೀಟಿಯಲ್ಲೂ ವೈದ್ಯರ ನೋಂದಣಿ ಸಂಖ್ಯೆ, ತಾರೀಖು, ರೋಗಿಯ ಹೆಸರು, ಎಷ್ಟು ಮಾತ್ರೆ ಅನ್ನುವುದು ನೋಡು. 10ನ್ನು 100 ಮಾಡಿದ ಪೆನ್ನಿನ ಬಣ್ಣ ಬೆಳಕಿಗೆ ಹಿಡಿದರೆ ತಿಳಿಯುತ್ತೆ.

ಆದರೆ ತಮ್ಮ, ಇದನ್ನೆಲ್ಲ ಕೇಳಿ ಹೆದರಿ ಆ ಔಷಧಿಗಳನ್ನೇ ತರಿಸದೆ ಕೂತುಬಿಡಬೇಡ. ಹಾಗೆ ಮಾಡುವ ಅಂಗಡಿಗಳಿವೆ, ತಾವು ಬಹಳ ಶುದ್ಧ ಅಂದುಕೊಂಡಿರುತ್ತವೆ. ಮೂರ್ಛೆ ರೋಗದ ಹುಡುಗಿಗೆ ಬರೆದ ಫಿನೋಬಾರ್ಬಿಟೋನ್ ಇಡೀ ಪೇಟೆಯಲ್ಲಿ ಸಿಗದೆ ಅವಳಪ್ಪ ಹಾಸನದ ಬಸ್ಸು ಹತ್ತಿದ್ದನ್ನು ಕಂಡಿದ್ದೇನೆ. ಸರಿಯಾದ ಚೀಟಿ ತಂದವನನ್ನು ಕಳ್ಳನ ಹಾಗೆ ನೋಡುವುದೂ ತಪ್ಪೇ. ಕ್ಯಾನ್ಸರ್ ನೋವಿಗೆ ಬೇಕಾದ ಮಾರ್ಫಿನ್ ನಮ್ಮಂಥ ಅಂಗಡಿಯಲ್ಲಿ ಇರುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಸಿಗುತ್ತೆ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಕೇಳಿ ಅಂತ ದಾರಿ ಹೇಳು. ವರ್ಷಗಟ್ಟಲೆ ನಿದ್ದೆ ಮಾತ್ರೆ ನುಂಗಿದವರಿಗೆ ಒಮ್ಮೆಲೇ ನಿಂತರೆ ಫಿಟ್ಸ್ ಬರುವುದೂ ಉಂಟು, ಆದ್ದರಿಂದ ಬರೀ ಇಲ್ಲ ಅಂದು ಕಳಿಸಬೇಡ, ವೈದ್ಯರ ಹತ್ತಿರ ಹೋಗಲೇಬೇಕು ಅನ್ನು. ಚಟಕ್ಕೆ ಬಿದ್ದ ಹುಡುಗ ಅಂತ ಗೊತ್ತಾದರೆ 14446 ಅನ್ನುವ ಸಹಾಯವಾಣಿ ಸಂಖ್ಯೆಯನ್ನು ಬಿಲ್ಲಿನ ಹಿಂದೆ ಬರೆದು ಕೊಡು. ಎಲ್ಲರ ಮುಂದೆ ಬೇಡ.

ಹೆಲ್ಪರ್ ಹುಡುಗನ ಕೈಗೆ ಈ ಔಷಧಿಗಳಿರುವ ಡ್ರಾಯರಿನ ಕೀಲಿ ಕೊಡಬೇಡ, ಊಟಕ್ಕೆ ಹೋದಾಗಲೂ. ವಾರಕ್ಕೊಮ್ಮೆ ತಂದದ್ದು, ಕೊಟ್ಟದ್ದು, ಉಳಿದದ್ದು ಕೂಡಿ ಕಳೆದು ನೋಡು. ಒಂದು ಸ್ಟ್ರಿಪ್ಪು ಕಡಿಮೆ ಬಂದರೂ ಅವತ್ತೇ ಹುಡುಕು.

ಪೂಜೆ ದಿನ ತಿಳಿಸು. ಮಾಲೇಕಲ್ಲು ಬೆಟ್ಟ ನನ್ನ ಕೈಲಿ ಈಗ ಹತ್ತಲಾಗುವುದಿಲ್ಲ, ನಿನ್ನ ಅಂಗಡಿಗೆ ಮೂರೇ ಮೆಟ್ಟಿಲಂತೆ. ಬಿಪಿ ಚೀಟಿ ತರುತ್ತೇನೆ. ಸೀಲು ಹಾಕಿಯೇ ಕೊಡಬೇಕು.